ಗಟ್ಟಿಮೇಳದೊಳಗಿನ ಒಲ್ಲೆ

ಬಲು ಹಿಂದೆ ಝೇಂಕಾರಪುರ ಅಂತ ಒಂದು ರಾಜ್ಯ. ಅದರ ರಾಜನಿಗೆ ತಲೆ ತುಂಬ ಗುಂಗುರು ಕೂದಲು. ಅದು ಎಲ್ಲಿಂದ ಬಂತು ಅನ್ನೋದನ್ನ ಮೊದಲು ಕೇಳಿ! ಪಟ್ಟಕ್ಕೆ ಬಂದಾಗ ಅವನು ಪಕ್ಕಾ ಬೋಳ. ಡಂಗೂರಯ್ಯ ಅನ್ನೋ ಮಾಂತ್ರಿಕ ಊದಿ ಕೂದಲು ಬರಿಸಿದ, ಬದಲಿಗೆ ರಾಜಕುಮಾರಿ ಹೊನ್ನಾಜಿಯನ್ನು ಕೇಳಿದ. ರಾಜ ಹೆಂಡತಿಗೂ ಹೇಳದೆ ತಲೆಯಾಡಿಸಿಬಿಟ್ಟ, ಪುಣ್ಯಾತ್ಮ.

ಆ ರಾಜ್ಯದಲ್ಲಿ ಮದುವೆ ಹೆಣ್ಣು "ಒಲ್ಲೆ" ಅಂದು ಅದು ಸಭೆಗೆ ಕೇಳಿದರೆ ಮದುವೆ ಮುರಿದಂತೆ. ತಾಳಿ ಕಟ್ಟುವಾಗ ಕೆಟ್ಟ ಮಾತು ಕಿವಿಗೆ ಬೀಳದಿರಲಿ ಅಂತ ಗಟ್ಟಿಮೇಳ ಬಾರಿಸೋದು ಎಲ್ಲರ ಪದ್ಧತಿ. ಈ ಖದೀಮ ಡಂಗೂರಯ್ಯ ನಿಶ್ಚಿತಾರ್ಥದಿಂದಲೇ ಬಾರಿಸೋಕೆ ಹಚ್ಚಿದ! ಹುಡುಗಿ ಬಾಯಿ ಬಿಟ್ಟಳೋ, ಡೋಲು ಢಂ ಢಂ.

ಅರಮನೆಗೆ ಮೊಸರು ತರುತ್ತಿದ್ದ ಸಣ್ಣೀರ ಅನ್ನೋ ತರುಣ ಅವಳ ತುಟಿ ನೋಡಿಯೇ "ಒಲ್ಲೆ" ಅನ್ನೋ ಮಾತು ತಿಳಿದ. ಅವನ ಕಣ್ಣು ಅವಳ ತುಟಿ ಮೇಲೇ ಯಾಕಿತ್ತು ಅಂತ ನನ್ನ ಕೇಳಬೇಡಿ.

ಆ ಮಾತು ಸಭೆಗೂ ಕೇಳಿಸೋ ಉಪಾಯ ಹುಡುಕಿ ಅವನು ಸದ್ದಿನ ಬೆಟ್ಟಕ್ಕೆ ಓಡಿದ. ಅಲ್ಲಿ ಮೊರದಗಲ ಕಿವಿಯ ರಕ್ಕಸಿ. ಅವಳದೊಂದು ಮಾಯದ ಹಲಗೆ. ಎದುರಿಗಿದ್ದ ಸದ್ದೆಲ್ಲ ಅದರ ಮೇಲೆ ಒಂದೊಂದು ಗುಂಡಿಯಾಗಿ ಕೂರುತ್ತಿತ್ತು. ತಳ್ಳಿದರೆ ಸದ್ದು ಏರುತ್ತಿತ್ತು, ಎಳೆದರೆ ಇಳಿಯುತ್ತಿತ್ತು, ಪಕ್ಕಕ್ಕೆ ಜರುಗಿಸಿದರೆ ಆ ಬದಿಗೆ ಸರಿಯುತ್ತಿತ್ತು.

"ಆನೆ, ಗಿಳಿ, ಜೀರುಂಡೆ ಒಟ್ಟಿಗೆ ಹಾಡ್ತವೆ. ಮೂರೂ ನನಗೆ ಚೆನ್ನಾಗಿ ಕೇಳೋ ಹಾಗೆ ಮಾಡಿದ್ರೆ ಹಲಗೆ ನಿಂದು. ಇಲ್ಲಾಂದ್ರೆ ನಿನ್ನ ಉಪ್ಪಿನಕಾಯಿ ಹಾಕ್ತೀನಿ," ಅಂದಳು ರಕ್ಕಸಿ.

ಮೊದಲ ಸಲ ಜೀರುಂಡೆ ಕೇಳಲಿಲ್ಲ ಅಂತ ಅದನ್ನು ಏರಿಸಿದ. ರಕ್ಕಸಿಯ ಹಲ್ಲು ಚುಳ್ಳೆಂದವು. ಅವನನ್ನು ಭರಣಿಗೆ ಮೊಣಕಾಲವರೆಗೆ ಇಳಿಸಿದಳು. ಎರಡನೇ ಸಲ ಗಿಳಿಯನ್ನೂ ಏರಿಸಿದ. ಆಗ ಆನೆ ಮುಳುಗಿತು ಅಂತ ಅದನ್ನೂ ಏರಿಸಿದ. ಬೆಟ್ಟ ಬಿರುಕು ಬಿಟ್ಟಿತು. ಸೊಂಟದವರೆಗೆ ಇಳಿಸಿ ಮೆಣಸಿನಪುಡಿ ತಂದಳು.

"ಲೇ, ಜಗಳದ ಮನೇಲಿ ಸೊಸೆ ಮಾತು ಕೇಳಬೇಕಂದ್ರೆ ಏನ್ಮಾಡ್ಬೇಕೋ?"

"ಸೊಸೆ ಕಿರುಚಬೇಕು."

"ಅತ್ತೆ ಬಾಯಿ ತಗ್ಗಿಸಬೇಕೋ, ಮಂಕೆ!"

ಮೂರನೇ ಸಲ ಆನೆಯನ್ನು ಇಳಿಸಿದ, ಗಿಳಿಯನ್ನು ಎಡಗಿವಿಗೆ ಸರಿಸಿದ. ಜೀರುಂಡೆ ತಾನಾಗಿ ಕೇಳಿತು. ರಕ್ಕಸಿ ಖುಷಿಯಿಂದ ತಲೆದೂಗಿದಳು. ಅವಳ ಕಿವಿಯ ಗಾಳಿಗೆ ಸಣ್ಣೀರ ಹಲಗೆ ಸಮೇತ ಹಾರಿ ಮದುವೆ ಚಪ್ಪರಕ್ಕೇ ಬಂದು ಬಿದ್ದ.

ಡಂಗೂರಯ್ಯ ತಾಳಿ ಎತ್ತಿದ್ದ. "ಗಟ್ಟಿಮೇಳ! ಗಟ್ಟಿಮೇಳ!"

ಸಣ್ಣೀರ ಗಾಬರಿಯಲ್ಲಿ ಕಲಿತದ್ದು ಮರೆತು ಹೊನ್ನಾಜಿಯ ಗುಂಡಿಯನ್ನೇ ತುದಿಗೆ ತಳ್ಳಿದ. ಅವಳ ದನಿ ವಾಲಗದ ಜೊತೆ ಸೇರಿ ಬರೀ ಕೀಚಲಾಯಿತು. "ನೋಡ್ರೇ, ಹುಡುಗಿಗೆ ಅದೆಷ್ಟು ಸಂತೋಷ!" ಅಂದರು ಮುತ್ತೈದೆಯರು.

ಆಗ ಅವನಿಗೆ ಅತ್ತೆ ನೆನಪಾದಳು. ಡೋಲು ಇಳಿಸಿದ. ಜಾಗಟೆ ತಗ್ಗಿಸಿದ. ವಾಲಗವನ್ನು ಪಕ್ಕಕ್ಕೆ ಸರಿಸಿದ. ನಡುವೆ ಒಂದಿಷ್ಟು ಜಾಗ ಬಿತ್ತು.

"ಒಲ್ಲೆ."

ಮೆಲ್ಲಗೇ ಅಂದದ್ದು, ಕೊನೇ ಸಾಲಿನವರೆಗೂ ಕೇಳಿತು. ಅದರ ಹಿಂದೆಯೇ ರಾಜನ ಪಿಸುಮಾತೂ ಕೇಳಿಬಿಟ್ಟಿತು: "ಅಯ್ಯೋ, ನನ್ನ ಕೂದಲು!"

ರಾಣಿ ತಿರುಗಿದಳು. "ಏನಂದ್ರಿ?"

ಡಂಗೂರಯ್ಯನ ಪ್ರಾಣ ಇದ್ದದ್ದೇ ಗದ್ದಲದಲ್ಲಿ. ಸದ್ದು ತಗ್ಗಿದಷ್ಟೂ ಕುಗ್ಗಿ ಕುಗ್ಗಿ, ನುಸಿಯಾಗಿ ಹಾರಿಹೋದ. ರಾಜನ ಗುಂಗುರು ಅಕ್ಷತೆಯ ಮೇಲೆ ಸುರಸುರನೆ ಉದುರಿತು.

ಆಮೇಲೆ ಹೊನ್ನಾಜಿ ಸಣ್ಣೀರನಿಗೆ "ಒಪ್ಪಿದೆ" ಅಂದಳು. ಆಗ ಒಂದು ಬಳೆಯೂ ಸದ್ದು ಮಾಡಲಿಲ್ಲ. ಎಲ್ಲರೂ ನಗುನಗುತ್ತಾ ಬಾಳಿದರು. ಬೋಳು ರಾಜನೂ ಬಾಳಿದ. ಹಲಗೆ ಮೇಲೆ ಇಳಿಸಿಟ್ಟ ಅವನ ಗುಂಡಿಯನ್ನು ಮಾತ್ರ ರಾಣಿ ಮತ್ತೆಂದೂ ಮೇಲೇರಿಸಲಿಲ್ಲ.