ಆ-ರುಯಿಯ ಹೆಸರು

ಆ ಅಜ್ಜಿ ಹುಂಗ್-ತೆಯ ಅಜ್ಜಿ, ಬೇರೆ ಯಾರ ಅಜ್ಜಿಯೂ ಅಲ್ಲ. ತೈನಾನಿನ ಆಸ್ಪತ್ರೆಯಲ್ಲಿ ಚೀಟಿ ಹಿಡಿದು ಕುಳಿತವಳು, ಗೋಡೆಯ ಮೇಲಿನ ಯಂತ್ರ ಸರ್ಕಾರಿ ಚೀನಿ ಭಾಷೆಯಲ್ಲಿ ತನ್ನನ್ನು ಕೂಗಿದ್ದು ತಿಳಿಯದೆ ಸರದಿ ತಪ್ಪಿಸಿಕೊಂಡು ಸಂಜೆ ಸುಮ್ಮನೆ ಮನೆಗೆ ಬಂದಿದ್ದಳು. ಬರೆದದ್ದನ್ನು ಅಜ್ಜಿಯರ ತೈವಾನಿ ಮಾತಿನಲ್ಲಿ ಓದಿ ಹೇಳುವ ಪ್ರೋಗ್ರಾಮ್ ಬೇಕು ಎಂದು ಮೊದಲು ಹೇಳಿದವನೂ ಹುಂಗ್-ತೆಯೇ. ಗೆಳೆಯ ಆ-ರುಯಿ ಅವತ್ತು ಬಾಯಿ ತುಂಬ ಸಿಹಿ ತೋಫು ಇಟ್ಟುಕೊಂಡು, “ಮಾಡೋಣ ಬಿಡೋ” ಎಂದಿದ್ದ, ಅಷ್ಟೇ.

ಮಾಡಲು ಕುಳಿತವರು ಇಬ್ಬರು. ತೈಪೇಯ ಸಮ್ಮೇಳನದಲ್ಲಿ ವೇದಿಕೆ ಹತ್ತಿದವನು ಮಾತ್ರ ಆ-ರುಯಿ. “ನಮ್ಮೂರಲ್ಲಿ ಒಬ್ಬರು ಅಜ್ಜಿ ಇದ್ರು” ಎಂದು ಶುರುಮಾಡಿ ಸಭೆಯ ಕಣ್ಣಲ್ಲಿ ನೀರು ತರಿಸಿದ. ಹಿಂದಿನ ಸಾಲಿನಲ್ಲಿದ್ದ ಹುಂಗ್-ತೆಯ ಹೆಸರು ಒಮ್ಮೆಯೂ ಬರಲಿಲ್ಲ.

“ಗಾಬರಿಯಾಗ್ಬಿಡ್ತು ಕಣೋ, ಮರ್ತೇ ಹೋಯ್ತು,” ಎಂದ ಆ-ರುಯಿ ಹೊರಗೆ ಮೆಟ್ಟಿಲ ಮೇಲೆ.

“ನನ್ನಜ್ಜಿ ನೆನಪಿದ್ಲು. ನಾನು ಮರ್ತೋದ್ನಾ?”

ಅಲ್ಲಿಗೆ ಮಾತು ನಿಂತಿತು. ಆ-ರುಯಿಯ ಯಕೃತ್ತಿಗೆ ಕ್ಯಾನ್ಸರ್ ಎಂದು ಕೇಳಿದಾಗಲೂ ಹುಂಗ್-ತೆ ಆಸ್ಪತ್ರೆಯ ಬಾಗಿಲವರೆಗೆ ಹೋಗಿ ಹಿಂದಿರುಗಿದ. ಮೊದಲು ಅವನೇ ಕರೆಯಲಿ ಎಂಬ ಹಟ. ಅಂತ್ಯಕ್ರಿಯೆಗೆ ಹೋಗಿ ಊದುಬತ್ತಿ ಹಿಡಿದು ಬಾಗಿದ. ಸತ್ತವನ ಮೇಲಿನ ಸಿಟ್ಟು ಮಾತ್ರ ಸಾಯಲಿಲ್ಲ.

ಸತ್ತವರಿಗೆ ಏಳನೇ ವಾರ ಮಾಡುವ ಪೂಜೆ ಮುಗಿದ ಮೇಲೆ ಆ-ರುಯಿಯ ಹೆಂಡತಿ ಮೇ-ಚುನ್ ಹುಂಗ್-ತೆಯನ್ನು ಮನೆಗೆ ಕರೆದಳು. ಅವಳಿಗೂ ಅವನು ಆ-ತೆ.

“ಅವ್ರ ಕಂಪ್ಯೂಟರ್ ಧೂಳು ತಿಂತಾ ಬಿದ್ದಿದೆ, ಆ-ತೆ. ನಂಗೆ ಅದ್ರ ತಲೆಬುಡ ತಿಳಿಯಲ್ಲ. ನೀನೇ ತಗೊಂಡ್ಹೋಗು.”

“ನೋಡಿ ವಾಪಸ್ ಕೊಡ್ತೀನಿ ಅತ್ತಿಗೆ.”

“ವಾಪಸ್ ಯಾಕೆ? ಬೇರೆಯವ್ರಾಗಿದ್ರೆ ಕೊಡ್ತಿರ್ಲಿಲ್ಲ. ಮೊದ್ಲು ಊಟ ಮಾಡು, ಸೊರಗಿ ಕಡ್ಡಿಯಾಗಿದೀಯ.”

ಮನೆಗೆ ತಂದು ತೆರೆದರೆ, ಪ್ರೋಗ್ರಾಮ್ ಪೂರ್ತಿಯಾಗಿತ್ತು. ಇಬ್ಬರೂ ಸೇರಿ ಅರ್ಧಕ್ಕೆ ಬಿಟ್ಟದ್ದನ್ನು ಆ-ರುಯಿ ಕಾಯಿಲೆಯಲ್ಲೇ ಕುಳಿತು ಮುಗಿಸಿದ್ದ. ಹುಂಗ್-ತೆ ಒಂದು ವಾಕ್ಯ ಕೊಟ್ಟ. ಅದು ಏರಿಳಿತ ಒಂದೂ ತಪ್ಪದೆ ಅಜ್ಜಿಯರು ಆಡುವ ಹಾಗೇ ಆಡಿತು. ಅವನು ಬಹಳ ಹೊತ್ತು ಅತ್ತ. ಆಮೇಲೆ ಕಣ್ಣೊರೆಸಿಕೊಂಡು, ಇದು ನನ್ನದಾಗಬೇಕಿತ್ತು ಎಂದುಕೊಂಡ. ಇನ್ನೂ ಸ್ವಲ್ಪ ಹೊತ್ತಿಗೆ, ಇದು ನನ್ನದೇ ಎಂದುಕೊಂಡ.

ಇಂಥ ಪ್ರೋಗ್ರಾಮ್‌ಗಳಿಗೆಲ್ಲ ಒಂದು ಸಾಮೂಹಿಕ ಭಂಡಾರವಿತ್ತು. ಯಾರು ಬೇಕಾದರೂ ಕೋಡ್ ತಂದು ಸೇರಿಸಬಹುದು, ಒಯ್ಯಬಹುದು, ತಿದ್ದಬಹುದು. ಬರೆದವರ ಹೆಸರು ಮಾತ್ರ ಅಳಿಸಬಾರದು. ಎಲ್ಲವನ್ನೂ ಪುಕ್ಕಟೆ ಕೊಡುವ ಜಾಗದಲ್ಲಿ ಕದಿಯಲು ಉಳಿದದ್ದು ಅದೊಂದೇ.

ಹುಂಗ್-ತೆ ಅವಸರ ಮಾಡಲಿಲ್ಲ. ಮೊದಲು ಭಂಡಾರವನ್ನು ಜಾಲಾಡಿದ. ಆ-ರುಯಿ ಈ ಕೋಡನ್ನು ಎಲ್ಲೂ ಹೊರಗೆ ಬಿಟ್ಟಿರಲಿಲ್ಲ. ಬಳಿಕ ಒಂದೊಂದೇ ಕಡತ ಹಿಡಿದು ಆ-ರುಯಿಯ ಕೈಗುರುತು ಅಳಿಸತೊಡಗಿದ. ಸಾಲುಗಳ ನಡುವೆ ಆ-ರುಯಿ ಬರೆದಿಡುತ್ತಿದ್ದ ತರಲೆ ಟಿಪ್ಪಣಿಗಳು ಹೋದವು. “ಇಲ್ಲಿ ಕೈಯಿಟ್ಟರೆ ದೇವರೇ ಗತಿ” ಎಂಬುದನ್ನು ಅಳಿಸುವಾಗ ನಗು ಬಂತು, ನಗುತ್ತಲೇ ಅಳಿಸಿದ. ಕೋಡಿನೊಳಗೆ ಆ-ರುಯಿ ಇಟ್ಟಿದ್ದ ಹೆಸರುಗಳನ್ನು ತನ್ನ ರೂಢಿಗೆ ಬದಲಿಸಿದ. ಯಾವ ಬದಲಾವಣೆ ಯಾರು ಯಾವಾಗ ಮಾಡಿದರು ಎಂಬ ಇತಿಹಾಸವನ್ನು ಕಿತ್ತು, ಹೊಸದೊಂದನ್ನು ಕಟ್ಟಿದ. ಅದರಲ್ಲಿ ತಾನು ಮಾಡಿದಂತೆ ಕಾಣುವ ತಪ್ಪುಗಳನ್ನೂ, ಆಮೇಲೆ ಅವನ್ನು ತಿದ್ದಿದ್ದನ್ನೂ ಸೇರಿಸಿದ. ತಪ್ಪೇ ಮಾಡದವನನ್ನು ಈ ಜನ ನಂಬುವುದಿಲ್ಲ. ಬಳಸುವವರಿಗೆ ಕೇಳಿಸಲು ಇಟ್ಟ ಮಾದರಿ ಧ್ವನಿ ಆ-ರುಯಿಯದಾಗಿತ್ತು, ಕೊನೆಗೊನೆಗೆ ಉಸಿರು ಸಾಲದ ಧ್ವನಿ. ಅದನ್ನು ತೆಗೆದು ತನ್ನದನ್ನು ಹಾಕಿದ.

ಆ-ರುಯಿಯ ಇಮೇಲ್ ಪೆಟ್ಟಿಗೆಯೂ ಅದೇ ಕಂಪ್ಯೂಟರಿನಲ್ಲಿ ತೆರೆದೇ ಇತ್ತು. ಹುಂಗ್-ತೆ ಮುಟ್ಟಲಿಲ್ಲ. ಸತ್ತವರ ಪತ್ರ ಓದುವಷ್ಟು ಕೀಳಾಗಿಲ್ಲ ತಾನು ಎಂದು ಅವನಿಗೆ ತುಸು ಹೆಮ್ಮೆಯೂ ಆಯಿತು.

ಎಲ್ಲಕ್ಕಿಂತ ಜಾಣತನದ್ದು ಕೊನೆಗೆ ಹೊಳೆಯಿತು. ಮೊದಲ ಪುಟದ ತಲೆಯಲ್ಲಿ, ಆ-ರುಯಿಯ ಪೂರ್ತಿ ಹೆಸರು ಹಾಕಿ, “ಅಗಲಿದ ಗೆಳೆಯ ಖೋ ಬೋ-ರುಯಿಯ ನೆನಪಿಗೆ” ಎಂದು ಬರೆದ. ಅರ್ಪಣೆ ಮಾಡಿದವನ ಮೇಲೆ ಯಾರು ಅನುಮಾನ ಪಡುತ್ತಾರೆ? ಬರೆದದ್ದು ಸುಳ್ಳೂ ಆಗಿರಲಿಲ್ಲ.

ಬರೆದವರ ಜಾಗದಲ್ಲಿ ತನ್ನೊಬ್ಬನ ಹೆಸರಿಟ್ಟು ಭಂಡಾರಕ್ಕೆ ಕಳುಹಿಸಿದ. ಭಂಡಾರ ನೋಡಿಕೊಳ್ಳುವ ಫಾಂಗ್ ಅಕ್ಕನಿಂದ ಕೂಡಲೇ ಉತ್ತರ ಬಂತು: “ಅಂತೂ ಬಂತಲ್ಲ, ಆ-ತೆ! ಇನ್ನೂ ತೆರೆದಿಲ್ಲ. ಶನಿವಾರದ ಕೂಟಕ್ಕೆ ಬಾ, ಎಲ್ಲರ ಮುಂದೆ ತೆರೆದು ಸೇರಿಸೋಣ.” ಜನ ಇಂಥದ್ದಕ್ಕೆ ಎಷ್ಟು ಹಸಿದಿದ್ದಾರೆ ಎಂದು ಹುಂಗ್-ತೆ ಹಿಗ್ಗಿದ. ಅತ್ತಿಗೆಯನ್ನೂ ಕರೆದುಕೊಂಡು ಹೋದ. ಅವಳು ಮುಂದಿನ ಸಾಲಲ್ಲಿ ಕುಳಿತು ಅರ್ಪಣೆ ಓದಿ ಅತ್ತರೆ, ಮುಂದೆ ಯಾರೂ ಬಾಯಿ ಬಿಡಲಾರರು.

ಮೇ-ಚುನ್ ಓದಿದಳು, ಅತ್ತಳು, ಅವನ ಕೈ ಹಿಡಿದುಕೊಂಡಳು. ಊಟದ ಪೊಟ್ಟಣ ಬಿಚ್ಚುತ್ತಿದ್ದವರೆಲ್ಲ ಪೊಟ್ಟಣ ಬದಿಗಿಟ್ಟರು. ಫಾಂಗ್ ಅಕ್ಕ ಮಾತ್ರ ಪರದೆಯ ಮೇಲಿನ ಪುಟವನ್ನು ಸರಿಸುತ್ತ ಹೋದರು. ಆಮೇಲೆ ಕನ್ನಡಕ ತೆಗೆದರು.

“ಆ-ತೆ, ಬರೆದವರ ಜಾಗದಲ್ಲಿ ಆ-ರುಯಿ ಹೆಸರೆಲ್ಲಿ?”

“ಅರ್ಪಣೆಯಲ್ಲಿ ಇದೆಯಲ್ಲ ಅಕ್ಕ.”

“ಅದಲ್ಲ ಮಾರಾಯ. ನೀನು ಒಪ್ಪಿಗೆ ಒತ್ತಿದೆ ಅಂದ್ಕೊಂಡಿದ್ದೆ ನಾನು. ಇದೇನು ಬೇರೆಯದೇ ಕಳ್ಸಿದೀಯ?”

ಫಾಂಗ್ ಅಕ್ಕ ಪರದೆಯ ಮೇಲೆ ಇನ್ನೊಂದು ಪುಟ ತೆರೆದರು. ಅದೇ ಪ್ರೋಗ್ರಾಮ್, ತರಲೆ ಟಿಪ್ಪಣಿಗಳ ಸಮೇತ. ಬರೆದವರು: ಲ್ಯಾವ್ ಹುಂಗ್-ತೆ. ಅದರ ಕೆಳಗೆ, ಎರಡನೆಯದಾಗಿ, ಖೋ ಬೋ-ರುಯಿ. “ಆಸ್ಪತ್ರೆ ಮಂಚದಿಂದ್ಲೇ ಕಳ್ಸಿದ್ದ. ಇಬ್ರು ಬರೆದದ್ದಕ್ಕೆ ಇಬ್ರೂ ಒಪ್ಪೋ ತನಕ ಹೊರಗೆ ಬಿಡೋ ಹಾಗಿಲ್ಲ, ನಿಂಗೊತ್ತಲ್ಲ. ನಾನೇ ಫೋನ್ ಮಾಡ್ತೀನಿ ಅಂದೆ. ಬೇಡ ಅಕ್ಕ, ನಾನು ಅವನಿಗೆ ಬರೀತಾನೇ ಇದೀನಿ, ಸಿಟ್ಟಿಳಿದ ದಿನ ಅವನೇ ಒತ್ತುತಾನೆ ಅಂದ.” ಮೇ-ಚುನ್ ಪರದೆಯನ್ನು ನೋಡಿದಳು, ಹುಂಗ್-ತೆಯನ್ನು ನೋಡಿದಳು, ಹಿಡಿದಿದ್ದ ಕೈ ಬಿಟ್ಟಳು. ಪುಟದ ಕೆಳಗೆ ಆ-ರುಯಿ ಹುಂಗ್-ತೆಯ ಹೆಸರು ಹಿಡಿದು ಬರೆದ ಕರೆಗಳು ಸಾಲಾಗಿದ್ದವು: ಆ-ತೆ, ನೋಡಿದ್ಯಾ? ಆ-ತೆ, ಇದು ನಿಂದು ಕಣೋ. ಆ-ತೆ, ಒಂದ್ಸಲ ಬಂದು ಹೋಗೋ. ಒಂದೂ ಹುಂಗ್-ತೆಗೆ ತಲುಪಿರಲಿಲ್ಲ. ಯಾಕೆಂದು ಅಲ್ಲಿದ್ದವರಲ್ಲಿ ಅವನೊಬ್ಬನಿಗೇ ಗೊತ್ತಾಯಿತು: ತೈಪೇಯ ಜಗಳದ ಸಂಜೆ, ವಾಪಸಾಗುವ ರೈಲಿನಲ್ಲಿ, ಅವನು ಭಂಡಾರದಲ್ಲಿ ಆ-ರುಯಿಯನ್ನು, ಅವನು ಬರೆದದ್ದು ಯಾವುದೂ ತನಗೆ ಕಾಣದಂತೆ, ಬ್ಲಾಕ್ ಮಾಡಿದ್ದ, ಆಮೇಲೆ ಅದನ್ನು ತೆಗೆಯುವುದು ನೆನಪಾಗಿರಲಿಲ್ಲ.