ಕೆಂಪು ಮೇಲ್ ನನಗೂ ಬರಲಿ

“ಸರ್ವರ್ ಮೇಲಿಟ್ಟಿದ್ದ ಪೊಟ್ಟಣ ಒಡೆದು ತಿಂದಿದ್ದು ನೀವೇನಾ?”

ಯುನ್‌ಚಿನ್ ತಲೆಯೆತ್ತಿದಳು. ಬಾಯಲ್ಲಿ ಇನ್ನೂ ತೆಂಗಿನಕಾಯಿ ರುಚಿಯ ಕುರುಕಲು. ಬಾಗಿಲಲ್ಲಿ ನಿಂತಿದ್ದವನು ಬೋರುಯ್, ಆ ಸರ್ವರ್ ನೋಡಿಕೊಳ್ಳುವವನು.

ಶಿನ್‌ಚು ಊರಿನ ಯಾವ ಕಂಪನಿಗೆ ಬೇಕಾದರೂ ಹೋಗಿ ನೋಡಿ, ಯಂತ್ರದ ನೆತ್ತಿಯ ಮೇಲೆ ಆ ಕುರುಕಲು ತಿಂಡಿಯ ಹಸಿರು ಪೊಟ್ಟಣ ಇದ್ದೇ ಇರುತ್ತದೆ. ಅದು ಇದ್ದರೆ ಯಂತ್ರ ಹೇಳಿದ ಮಾತು ಕೇಳುತ್ತದೆ ಅನ್ನುವ ನಂಬಿಕೆ. ಅದನ್ನು ತಿನ್ನುವ ಧೈರ್ಯ ಯಾರೂ ಮಾಡುವುದಿಲ್ಲ. ಇವಳು ತಿಂದಿದ್ದಳು, ಅದೂ ಬೇಕಂತಲೇ!

“ಹೌದು, ನಾನೇ. ನನ್ನ ಮಾನ ಕಳೆದ ಯಂತ್ರ ಅದು. ಅದಕ್ಕೆ ತಿಂಡಿ ಬೇರೆ ಕೇಡು.”

ಕೆಲಸಕ್ಕೆ ಸೇರಿ ಅವಳಿಗೆ ಇನ್ನೂ ಮೊದಲ ವಾರ. ಚಿಪ್ ಪರೀಕ್ಷಿಸುವ ಯಂತ್ರಗಳಿಗೆ ಸಾಫ್ಟ್‌ವೇರ್ ಬರೆಯುವ ಕಂಪನಿ. ಯಾರೇ ಹೊಸದಾಗಿ ಕೋಡ್ ಬರೆದು ಹಾಕಲಿ, ಆ ಬಿಲ್ಡ್ ಸರ್ವರ್ ತಾನೇ ಎಲ್ಲವನ್ನೂ ಜೋಡಿಸಿ, ಅಂದರೆ ಬಿಲ್ಡ್ ಮಾಡಿ, ಪರೀಕ್ಷಿಸುತ್ತದೆ. ಸರಿಹೋದರೆ ಹಸಿರು ಮೇಲ್, ಕೆಟ್ಟರೆ ಕೆಂಪು ಮೇಲ್, ಅದರಲ್ಲಿ ಕೋಡ್ ಹಾಕಿದವರ ಹೆಸರು. ಅಂದು ಬೆಳಿಗ್ಗೆ ಯುನ್‌ಚಿನ್ ಹೆಸರು ಕೆಂಪಾಗಿ ಇಡೀ ಮಹಡಿಗೆ ಹೋಗಿತ್ತು. ಜಗಳ ತೆಗೆಯಲೆಂದೇ ಸರ್ವರ್ ಕೋಣೆಗೆ ಬಂದಿದ್ದಳು. ಕೋಣೆಯಲ್ಲಿ ಯಾರೂ ಇರಲಿಲ್ಲ, ಹೊಟ್ಟೆ ಹಸಿದಿತ್ತು, ಕೋಪ ನೆತ್ತಿಗೇರಿತ್ತು.

ಬೋರುಯ್ ಬೈಯಲೆಂದೇ ಬಾಯಿ ತೆರೆದ. ಅತ್ತು ಊದಿಕೊಂಡಿದ್ದ ಆ ಕಣ್ಣುಗಳನ್ನು ಕಂಡು ಮಾತು ಬದಲಿಸಿದ. “ಇನ್ನೊಂದು ಪೊಟ್ಟಣ ಇದೆ, ದಯವಿಟ್ಟು ಅದನ್ನಾದ್ರೂ ಬಿಟ್ಬಿಡಿ. ಬೇಕಾದ್ರೆ ಬನ್ನಿ, ಅಕ್ಕಿ ಶ್ಯಾವಿಗೆ ಕೊಡಿಸ್ತೀನಿ.”

ಅವಳಿಗೆ ನಗು ಬಂದುಬಿಟ್ಟಿತು. ಛೇ, ಜಗಳ ಆಡೋಕೆ ಬಂದು ನಗ್ತಿದೀನಲ್ಲ...

ಆ ಮೇಲ್‌ಗಳ ಟೆಂಪ್ಲೇಟ್ ಬರೆಯುವುದೂ ಅವನದೇ ಕೆಲಸ. ಯಾರಿಗೆ ಹೋಗಬೇಕು, ಯಾವ ಬಣ್ಣ, ಯಾವ ಒಕ್ಕಣೆ, ಎಲ್ಲವನ್ನೂ ಸ್ಕ್ರಿಪ್ಟ್‌ನಲ್ಲಿ ಅವನೇ ಬರೆದಿಡುತ್ತಿದ್ದ. ಕೆಲವು ವಾರಗಳ ನಂತರ ಅವಳಿಗೆ ಬರುವ ಹಸಿರು ಮೇಲ್‌ಗಳ ಅಡಿಯಲ್ಲಿ ಸಣ್ಣಗೊಂದು ಸಾಲು ಕಾಣತೊಡಗಿತು. ‘ಹೊರಗೆ ಗಾಳಿ ಜೋರು, ಜಾಕೆಟ್ ಮರೀಬೇಡ.’ ‘ಊಟ ಆಯ್ತಾ?’ ಪಕ್ಕದವರ ಮೇಲ್‌ನಲ್ಲಿ ಇಣುಕಿ ನೋಡಿದಳು, ಅಲ್ಲಿರಲಿಲ್ಲ. ಇಡೀ ಮಹಡಿಯಲ್ಲಿ ಅವಳೊಬ್ಬಳಿಗೆ ಮಾತ್ರ!

ಊಟ ಆಯ್ತಾ ಅಂದರೆ ಆಯ್ತು ಅನ್ನುವುದೇ ನಮ್ಮಲ್ಲಿ ರೂಢಿ, ಹೊಟ್ಟೆ ಚುರುಗುಟ್ಟುತ್ತಿದ್ದರೂ ಸರಿಯೇ. ಅವಳೂ ‘ಆಯ್ತು’ ಎಂದೇ ಉತ್ತರ ಬರೆಯುತ್ತಿದ್ದಳು. ಬರೆದು, ಹುಚ್ಚಿಯಂತೆ ಒಬ್ಬಳೇ ನಗುತ್ತಿದ್ದಳು. ಪ್ರೀತಿ ಅನ್ನುವ ಮಾತನ್ನು ಇಬ್ಬರೂ ಆಡಲಿಲ್ಲ. ಆಡಬೇಕಿತ್ತೇ?

ಚಿಂಗ್‌ಮಿಂಗ್ ರಜೆ ಬಂತು. ಹಿರಿಯರ ಸಮಾಧಿ ಗುಡಿಸಲು ಎಲ್ಲರೂ ಊರಿಗೆ ಹೊರಟರು. ಯುನ್‌ಚಿನ್ ತನ್ನ ಅಪ್ಪನ ಸಮಾಧಿಗೆ ಹಿಂದಿನ ವಾರವೇ ಹೋಗಿಬಂದಿದ್ದಳು. ಹಾಗಾಗಿ ರಜೆಯ ಕಾವಲು ಅವಳ ಪಾಲಿಗೆ ಬಂತು. ಸರ್ವರ್‌ನಿಂದ ಕೆಂಪು ಮೇಲ್ ಬಂದರೆ ಎದ್ದು ಸರಿಪಡಿಸಬೇಕು, ಇಲ್ಲದಿದ್ದರೆ ಸುಮ್ಮನಿರಬೇಕು, ಅಷ್ಟೇ. ರಜೆ ಮುಗಿದ ಬೆಳಿಗ್ಗೆ ಸಾಫ್ಟ್‌ವೇರ್ ಗ್ರಾಹಕರ ಕೈ ಸೇರಬೇಕಿತ್ತು.

ಕೆಂಪು ಮೇಲ್ ಬರಲೇ ಇಲ್ಲ. ಅವಳು ನೆಮ್ಮದಿಯಾಗಿದ್ದಳು.

ರಜೆ ಮುಗಿದು ಆಫೀಸಿಗೆ ಕಾಲಿಟ್ಟರೆ, ಮ್ಯಾನೇಜರ್ ಔಯಾಂಗ್ ಅವಳ ಮೇಜಿನ ಬಳಿಯೇ ನಿಂತಿದ್ದರು. ರಜೆಯ ಮೊದಲ ದಿನವೇ ಬಿಲ್ಡ್ ಕೆಟ್ಟಿತ್ತು, ಉಳಿದವರಿಗೆಲ್ಲ ಕೆಂಪು ಮೇಲ್ ಮೇಲಿಂದ ಮೇಲೆ ಹೋಗಿತ್ತು. ಕಾವಲಿಗೆ ಯುನ್‌ಚಿನ್ ಇದ್ದಾಳಲ್ಲ ಎಂದು ಅವರೆಲ್ಲ ಸುಮ್ಮನಿದ್ದರು. ಈಗ ಗ್ರಾಹಕರು ಒಪ್ಪಂದವನ್ನೇ ಮುರಿದಿದ್ದರು. ಸಂಜೆಯೊಳಗೆ ರಾಜೀನಾಮೆ ಬರೆದುಕೊಡಿ ಎಂದು ಔಯಾಂಗ್ ದನಿ ಏರಿಸದೆ ಹೇಳಿದರು. ಬೈದಿದ್ದರೇ ವಾಸಿಯಿತ್ತು.

ನನಗೆ ಯಾಕೆ ಬರಲಿಲ್ಲ? ನನಗೊಬ್ಬಳಿಗೆ ಯಾಕೆ ಬರಲಿಲ್ಲ?

ಮೇಲ್ ಟೆಂಪ್ಲೇಟ್ ತೆರೆದಳು. ಅಲ್ಲಿತ್ತು ಅವನು ಬರೆದ ಸಾಲು: ಬಿಲ್ಡ್ ಕೆಟ್ಟಿದ್ದರೆ ಯುನ್‌ಚಿನ್‌ಗೆ ಮೇಲ್ ಕಳಿಸಬೇಡ.

ಬೋರುಯ್‌ಗೆ ಫೋನ್ ಮಾಡಿದಳು, ಎತ್ತಲಿಲ್ಲ. ಮತ್ತೆ ಮಾಡಿದಳು. ಇಲ್ಲ. ಜಾಕೆಟ್, ಊಟ... ಎಲ್ಲ ಬರೀ ನಾಟಕವೇ? ನನ್ನನ್ನು ಹೊರಗೆ ಹಾಕಿಸೋಕೆ ಇಷ್ಟು ಸಿಹಿ ಮಾತು ಬೇಕಿತ್ತೇ?

ಮಧ್ಯಾಹ್ನ ಬೋರುಯ್ ಬಂದ. ಗಡ್ಡ ಬೆಳೆದಿತ್ತು, ಅಂಗಿ ಮುದುಡಿತ್ತು. ಸರ್ವರ್ ಕೋಣೆಯಲ್ಲಿ ಅವಳು ಕಾದಿದ್ದಳು.

“ಆ ಸಾಲು ಬರೆದಿದ್ದು ನೀನೇನಾ?”

“ನಾನೇ.”

“ಯಾಕೆ?”

“ಮೊದಲ ವಾರ ಕೆಂಪು ಮೇಲ್ ನೋಡಿ ಅತ್ತಿದ್ಯಲ್ಲ... ಇನ್ನೊಂದ್ಸಲ ಅಳೋದು ಬೇಡ ಅನಿಸ್ತು. ನಿನ್ನ ಬಿಲ್ಡ್ ಕೆಟ್ಟಾಗೆಲ್ಲ ಬೇರೆಯವರು ಬರೋ ಮುಂಚೆ ಬಂದು ನಾನೇ ಸರಿ ಮಾಡ್ತಿದ್ದೆ. ರಜೆಗೆ ಮುಂಚೆ ಆ ಸಾಲು ತೆಗೀಬೇಕಿತ್ತು. ಅಷ್ಟರಲ್ಲಿ ಅಮ್ಮ ಕುಸಿದುಬಿದ್ಲು ಅಂತ ಊರಿಂದ ಫೋನ್ ಬಂತು. ಮರೆತೇಹೋಯ್ತು.”

ಮೋಸವಲ್ಲ, ಪ್ರೀತಿ. ಆದರೆ ಅದನ್ನು ಕೇಳಿ ಅವಳಿಗೆ ಸಮಾಧಾನವಾಗಲಿಲ್ಲ, ಇನ್ನಷ್ಟು ನೋವಾಯಿತು.

“ನಮ್ಮಪ್ಪನಿಗೂ ಹೀಗೇ ಮಾಡಿದ್ವಿ,” ಎಂದಳು. “ಕ್ಯಾನ್ಸರ್ ಅಂತ ಮನೆಯವರಿಗೆಲ್ಲ ಗೊತ್ತಿತ್ತು. ಅವರಿಗೆ ಮಾತ್ರ ಬರೀ ಗ್ಯಾಸ್ ಅಂತ ಹೇಳಿದ್ವಿ. ನೊಂದ್ಕೋಬಾರದು ಅಂತ. ಕೊನೇ ದಿನ ನನ್ನ ಮುಖ ನೋಡಿ, ‘ನಿಂಗೂ ಗೊತ್ತಿತ್ತಾ ಮಗಳೇ?’ ಅಂದ್ರು. ಗೊತ್ತಿರ್ಲಿಲ್ಲ ಅಂದೆ. ಅಪ್ಪನಿಗೆ ನಾನು ಆಡಿದ ಕೊನೇ ಮಾತೇ ಸುಳ್ಳು, ಬೋರುಯ್.”

ಅವನು ಸರ್ವರ್‌ಗೆ ಒರಗಿ ನೆಲಕ್ಕೆ ಕುಸಿದು ಕುಳಿತ. ಆಮೇಲೆ ತುಂಡು ತುಂಡಾಗಿ ಹೇಳಿದ. ತನ್ನೂರು ಯಿಲಾನ್‌ನ ಆಸ್ಪತ್ರೆಯಲ್ಲಿ ಡಾಕ್ಟರು ಅವನನ್ನೂ ಅಕ್ಕನನ್ನೂ ಹೊರಗೆ ಕರೆದು, ಅಮ್ಮ ಚಳಿಗಾಲದವರೆಗೂ ಬದುಕುವುದು ಕಷ್ಟ ಎಂದಿದ್ದರು. ಒಳಗೆ ಹೋಗಿ ಇಬ್ಬರೂ ನಗುತ್ತಾ, ಬರೀ ಹೊಟ್ಟೆ ಹುಣ್ಣು ಕಣಮ್ಮ ಎಂದಿದ್ದರು.

ಅವಳಿಗೆ ಅವನ ಭುಜ ಹಿಡಿಯಬೇಕೆನಿಸಿತು. ಕೈ ಮುಂದೆ ಬರಲಿಲ್ಲ. ತಿರುಗಿ ಹೊರಗೆ ಹೋದಳು.

ಬೋರುಯ್ ನೇರವಾಗಿ ಔಯಾಂಗ್ ಅವರ ಬಳಿಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅವಳು ಆಗಲೇ ಬರೆದುಕೊಟ್ಟಿದ್ದ ರಾಜೀನಾಮೆಯನ್ನು ಅವರು ವಾಪಸು ಕೊಟ್ಟರು, ಅವನದನ್ನು ಬರೆಸಿಕೊಂಡರು. ಹೊರಡುವ ಮುಂಚೆ ಅವನು ಟೆಂಪ್ಲೇಟ್ ತೆರೆದು ಆ ಸಾಲನ್ನು ಅಳಿಸಿ, ಕೆಟ್ಟ ಬಿಲ್ಡನ್ನು ಇನ್ನೊಮ್ಮೆ ಓಡಿಸಿದ. ಸರ್ವರ್ ಮೇಲೆ ಹೊಸ ಹಸಿರು ಪೊಟ್ಟಣ ಇಟ್ಟು, ಯಾರಿಗೂ ಹೇಳದೆ ನಡೆದ.

ಶಿನ್‌ಚು ಸ್ಟೇಷನ್ನಿನಲ್ಲಿ ಗಾಳಿ ಬೀಸುತ್ತಿತ್ತು. ಒಂದು ರೈಲು ಹೋಯಿತು, ಅವನು ಹತ್ತಲಿಲ್ಲ. ಇನ್ನೊಂದೂ ಹೋಯಿತು. ಊರಿಗೆ ಹೋಗಿ ಅಮ್ಮನ ಮುಂದೆ ಮತ್ತೆ ನಗಬೇಕಲ್ಲ ಎಂದು ಕಾಲೇ ಏಳುತ್ತಿರಲಿಲ್ಲ.

ಪಕ್ಕದಲ್ಲಿ ಯಾರೋ ಬಂದು ಕುಳಿತರು. ಯುನ್‌ಚಿನ್. ಜಾಕೆಟ್ ಮರೆತು ಬಂದಿದ್ದಳು.

“ಮೇಲ್ ಬಂತಾ?” ಅವನು ತಲೆ ಎತ್ತದೆ ಕೇಳಿದ.

“ಬಂತು. ಕೆಂಪು. ಕಳಿಸಿದವರ ಪಟ್ಟೀಲಿ ನನ್ನ ಹೆಸರೇ ಮೊದಲು.”

“ಅತ್ತೆಯಾ?”

“ಅತ್ತೆ. ಅತ್ತು, ಸರಿ ಮಾಡಿಟ್ಟು ಬಂದೆ.”

ಹೋದ ಗ್ರಾಹಕರು ಇನ್ನು ಬರುವುದಿಲ್ಲ. ಅವನ ಕೆಲಸವೂ ವಾಪಸು ಬರುವುದಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಅವನು ತನ್ನ ಜಾಕೆಟ್ ಬಿಚ್ಚಿ ಅವಳ ಹೆಗಲಿಗೆ ಹೊದಿಸಿದ.

“ನಿನ್ನ ಮೇಲೆ ನಂಗೆ ಇನ್ನೂ ಕೋಪ ಇದೆ,” ಎಂದಳು ಅವಳು. “ನಿನ್ನ ಬಿಟ್ಟಿರೋಕೂ ಆಗಲ್ಲ. ಇನ್ಮೇಲೆ ಕೆಟ್ಟ ಸುದ್ದಿ ಏನಿದ್ರೂ ಮೊದಲು ನಂಗೇ ಬರಬೇಕು.”

“ಅಮ್ಮನಿಗೆ ಹೇಗೆ ಹೇಳಲಿ, ಯುನ್‌ಚಿನ್?”

“ನಂಗೂ ಗೊತ್ತಿಲ್ಲ. ಒಬ್ಬನೇ ಹೇಳ್ಬೇಡ. ನಾನೂ ಬರ್ತೀನಿ.”

ರೈಲಿನ ಸದ್ದು ದೂರದಲ್ಲಿ ಕೇಳಿತು. ಅವಳು ಅವನ ಬತ್ತಿದ ಮುಖವನ್ನೇ ನೋಡಿ ಕೇಳಿದಳು, “ಊಟ ಆಯ್ತಾ?”

“ಆಯ್...” ರೂಢಿಯಂತೆ ಶುರು ಮಾಡಿದವನು ಅಲ್ಲೇ ನಿಲ್ಲಿಸಿದ. “ಇಲ್ಲ. ನಿನ್ನೆಯಿಂದ ಒಂದು ತುತ್ತೂ ಗಂಟಲಲ್ಲಿ ಇಳೀತಿಲ್ಲ. ನಂಗೆ ತುಂಬಾ ಭಯ ಆಗ್ತಿದೆ.”

ಅವಳು ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ನಂಗೂ,” ಎಂದಳು.