ಕೊಕ್ಕರೆ ಹುಡುಗಿಯ ಇಬ್ಬರು ಒಡೆಯರು

"ಅತ್ತೇ, ಕಡಲ ದೇವಿ ಮಾತ್ಸು ತಾಯಿ ಆಣೆಗೂ ಹೇಳ್ತೀನಿ, ಒಂದೇ ಮಗೂನ ನಾನು ಇಬ್ಬರಿಗೆ ಮಾರಿಲ್ಲ!"

ನಿ-ಶಾನ್ ಬಾಗಿಲು ತಳ್ಳಿಕೊಂಡು ಬಂದು ಹೀಗೆ ಕೂಗಿದಳು. ಕೀಲಿಗೊಂಚಲಿಗೆ ಗೊಂಬೆ ಆರಿಸುತ್ತಿದ್ದ ಹೆಂಗಸೊಬ್ಬಳು ಗಾಬರಿಬಿದ್ದು ಅಂಗಡಿಯಿಂದ ಹೊರಗೆ ನಡೆದುಬಿಟ್ಟಳು. ಒಳ್ಳೆಯ ಗಿರಾಕಿ ಹೋಯಿತಲ್ಲ ಎಂದು ಯು-ಹೆಂಗ್ ಮನಸ್ಸಿನಲ್ಲೇ ಗೊಣಗಿದ. ತೈವಾನಿನ ತೈನಾನ್ ಊರಿನ ಆ ಓಣಿಯಲ್ಲಿ ಅವನದು ಚಿಕ್ಕ ಮುದ್ರಣದಂಗಡಿ. ಚಿತ್ರಗಾರರು ಕೊಟ್ಟ ಚಿತ್ರಗಳನ್ನು ಪಾರದರ್ಶಕ ಹಲಗೆಯ ಮೇಲೆ ಅಚ್ಚೊತ್ತಿ ಮೇಜಿನ ಮೇಲೆ ನಿಲ್ಲುವ ಗೊಂಬೆಗಳನ್ನು ಮಾಡುವುದು ಅವನ ಕಸುಬು. ಅಂಗಡಿಯ ಮಹಡಿಯಲ್ಲಿ, ಓಣಿಯವರೆಲ್ಲ ಅತ್ತೆ ಎಂದೇ ಕರೆಯುವ ಲಿ-ಚಿನ್ ವಾಸ. ಜನನ ಮರಣ ನೋಂದಣಿ ಕಚೇರಿಯಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತಳಾದವಳು. ಆ ಓಣಿಯಲ್ಲಿ ಕಳೆದುಹೋದ ಸ್ಕೂಟರಿನಿಂದ ಹಿಡಿದು ಕಾಣೆಯಾದ ಮಾವನವರೆಗೆ ಎಲ್ಲವನ್ನೂ ಹುಡುಕಿಕೊಟ್ಟವಳು ಅವಳೇ. ಯು-ಹೆಂಗ್ ಅವಳ ಕಾಯಂ ಸಂಗಾತಿ, ಸ್ಕೂಟರ್ ಚಾಲಕ, ಬೈಸಿಕೊಳ್ಳುವವ.

"ಮೊದಲು ಕೂತ್ಕೋ. ಮಗು ಅಂದ್ರೆ ಯಾವ ಮಗು?" ಎಂದಳು ಅಂಗಡಿಯ ಮೂಲೆಯಲ್ಲಿ ಕೂತಿದ್ದ ಲಿ-ಚಿನ್.

ನಿ-ಶಾನ್ ಹೇಳಿದಳು. ಎಲ್ಲೂ ಇಲ್ಲದ ಮನುಷ್ಯರನ್ನು ಬರೆದು ಅಂತರಜಾಲದಲ್ಲಿ ಮಾರುವುದು ಅವಳ ಬದುಕು. ಕೊಂಡವರು ಆ ಪಾತ್ರಕ್ಕೆ ಹೆಸರಿಟ್ಟು, ಕತೆ ಕಟ್ಟಿ, ತಮ್ಮದಾಗಿ ಮಾಡಿಕೊಳ್ಳುತ್ತಾರೆ. ಅವರ ಬಾಯಲ್ಲಿ ಇದಕ್ಕೆ ದತ್ತು ಎಂದೇ ಹೆಸರು. ಒಂದು ಪಾತ್ರಕ್ಕೆ ಒಬ್ಬರೇ ಒಡೆಯರು. ಈ ನಂಬಿಕೆ ಮುರಿದ ಚಿತ್ರಗಾರರಿಗೆ ಮತ್ತೆ ಯಾರೂ ಮುಖ ಕೊಡುವುದಿಲ್ಲ. ಜೂನ್‌ನಲ್ಲಿ ಅವಳು ಕೊಕ್ಕರೆಯಂಥ ಹುಡುಗಿಯೊಬ್ಬಳನ್ನು ಹರಾಜಿಗಿಟ್ಟಿದ್ದಳು. ಗೆದ್ದವರು ಯಾರೋ ಅಡ್ಡಹೆಸರಿನವರು. ಹಣ ಕಟ್ಟಿಸಿಕೊಳ್ಳುವ ಬೀದಿಬದಿಯ ಅಂಗಡಿಯಲ್ಲಿ ಹೆಸರಿನ ಬದಲು ಸಂಕೇತ ಸಂಖ್ಯೆ ಹೇಳಿ ನಗದು ಕಟ್ಟಿ, ಗೆದ್ದವರಿಗೆ ಮಾತ್ರ ಸಿಗುವ, ಮುಂದೆ ಹಿಂದೆ ಎರಡೂ ಬದಿಯ ಚಿತ್ರವಿದ್ದ ಹಾಳೆಯ ಕಡತವನ್ನು ಅಂತರಜಾಲದಲ್ಲೇ ಪಡೆದುಕೊಂಡರು. ಆ ಮೇಲೆ ಆ ಖಾತೆಯೇ ಮಾಯವಾಯಿತು, ಅದರ ಜೊತೆಗೆ ಮಾತುಕತೆಯೂ ಅಳಿಸಿಹೋಯಿತು.

"ಈಗ ಇಬ್ಬರು ನಂದು ನಂದು ಅಂತಿದಾರೆ. ಇಬ್ಬರ ಹತ್ರಾನೂ ಆ ಹಾಳೆ ಇದೆ. ಹಾಗಾದ್ರೆ ನಾನೇ ಎರಡು ಸಲ ಮಾರಿದೀನಿ ಅಂತ ಎಲ್ಲರೂ ಉಗೀತಿದಾರೆ. ಶನಿವಾರದ ಚಿತ್ರಮೇಳದಲ್ಲಿ ನನ್ನ ಮೇಜು ಕಿತ್ಕೊಂಡು ಮೋಸಗಾರರ ಪಟ್ಟಿಗೆ ಹಾಕ್ತೀನಿ ಅಂದಿದಾರೆ, ಮೇಳ ನಡೆಸೋ ಕುಂಗ್ ಮೇಡಂ. ಶುಕ್ರವಾರದವರೆಗೆ ಗಡುವು. ಅತ್ತೆ, ಆರು ವರ್ಷ ಕಷ್ಟಪಟ್ಟು ಕಟ್ಟಿದ ಹೆಸರು. ನಾನು ಬಿಡಲ್ಲ."

ಅವಳ ಕಣ್ಣಲ್ಲಿ ನೀರಿರಲಿಲ್ಲ, ಹಟವಿತ್ತು. ಲಿ-ಚಿನ್‌ಗೆ ಅದು ಹಿಡಿಸಿತು.

ನಿ-ಶಾನ್ ಚಿತ್ರ ಬರೆಯುವ ತನ್ನ ಟ್ಯಾಬ್ಲೆಟ್ಟಿನಲ್ಲಿ ಮೂಲ ಹಾಳೆ ತೋರಿಸಿದಳು. ಬಿಳಿ ಮಳೆಯಂಗಿ, ಕಪ್ಪು ಮುಖವಾಡ, ಕತ್ತಿನ ಹಿಂದೆ ಗರಿಯ ಜುಟ್ಟು, ತೆಳುವಾದ ಬೂಟು. ತೋಳೆತ್ತಿದರೆ ಒಳಗಿಂದ ಇಣುಕುವ ಗುಲಾಬಿ ಬಣ್ಣ ಕಣ್ಣು ಕುಕ್ಕುವಂತಿತ್ತು.

"ಅಬ್ಬಾ! ಈ ಗುಲಾಬಿ ನನ್ನ ಯಂತ್ರದಲ್ಲಿ ಏಳು ಜನ್ಮಕ್ಕೂ ಬರಲ್ಲ," ಎಂದ ಯು-ಹೆಂಗ್. "ಪರದೆ ಮೇಲೆ ಕಾಣೋದನ್ನ ಶಾಯಿ ತರೋಕಾಗಲ್ಲ. ಗಿರಾಕಿಗಳ ಕಡತ ಬಂದ್ರೆ ನಾನೇ ಬಣ್ಣ ಇಳಿಸಿ ಆಮೇಲೆ ಕತ್ತರಿಸೋ ಹುಡುಗೀರ ಕೈಗೆ ಕೊಡ್ತೀನಿ."

"ಈ ಹಾಳೆ ನಿನ್ನಂಗಡಿಗೆ ಬಂದಿತ್ತಾ?"

"ಬಂದಿದ್ರೂ ನೆನಪಿರಲ್ಲ. ದಿನಕ್ಕೆ ನೂರು ಬರುತ್ತೆ. ತಿಂಗಳಾದ್ರೆ ಎಲ್ಲಾ ಅಳಿಸಿಬಿಡ್ತೀನಿ."

"ನಾನಂತೂ ಅದನ್ನ ಎಲ್ಲೂ ಅಚ್ಚು ಹಾಕಿಸಿಲ್ಲ," ಎಂದಳು ನಿ-ಶಾನ್.

ಇಬ್ಬರು ಹಕ್ಕುದಾರರಲ್ಲಿ ಒಬ್ಬಳ ಹೆಸರು ಕೇಳಿ ಯು-ಹೆಂಗ್‌ಗೆ ಸಮಾಧಾನವಾಯಿತು. ತ್ಸೈ-ವೇ! ಜುಲೈ, ಆಗಸ್ಟ್ ಎರಡು ತಿಂಗಳು ಅವನಲ್ಲೇ ಹಲಗೆ ಕತ್ತರಿಸಿದ ಕಾಲೇಜು ಹುಡುಗಿ. ಒಂದು ದಿನ ತಡವಾಗಿ ಬಂದವಳಲ್ಲ, ಒಂದು ಗೊಂಬೆ ಕೆಡಿಸಿದವಳಲ್ಲ. ಇನ್ನೊಬ್ಬ ಯಾರೋ ಚುವಾಂಗ್ ಅಂತೆ, ಐವತ್ತೆಂಟರ ಬಸ್ ಚಾಲಕ.

"ಕೇಸು ಮುಗೀತಲ್ಲ ಅತ್ತೆ," ಎಂದ ಯು-ಹೆಂಗ್. "ಬಸ್ ಓಡಿಸೋ ಮುದುಕನಿಗೆ ಕೊಕ್ಕರೆ ಹುಡುಗಿ ಯಾಕೆ ಬೇಕು?"

"ನಂಗೂ ಅದೇ ಪ್ರಶ್ನೆ," ಎಂದಳು ಲಿ-ಚಿನ್. "ಯಾಕೆ ಬೇಕು? ಹೊರಡು, ಕೇಳ್ಕೊಂಡು ಬರೋಣ."

ತ್ಸೈ-ವೇ ತನ್ನ ಬಾಡಿಗೆ ಕೋಣೆಯಲ್ಲಿ ಅವರಿಗೆ ಚಕ್ಕೋತ ಹಣ್ಣಿನ ತೊಳೆ ಬಿಡಿಸಿಟ್ಟಳು. ಗೋಡೆಯ ತುಂಬ ಕೊಕ್ಕರೆ ಹುಡುಗಿಯ ಚಿತ್ರಗಳು. ಒಂದಕ್ಕಿಂತ ಒಂದು ಚೆಂದ. ಗುಂಡಿಗಳ ಎಣಿಕೆ, ಜುಟ್ಟಿನ ಗರಿ, ಬೂಟಿನ ಹೊಲಿಗೆ ಯಾವುದರಲ್ಲೂ ಕೂದಲೆಳೆಯ ತಪ್ಪಿಲ್ಲ. ಅವಳ ಬಳಿಯಿದ್ದ ಹಾಳೆಯನ್ನೂ ಪರದೆಯ ಮೇಲೆ ತೋರಿಸಿದಳು. ಅದರ ಗುಲಾಬಿ ಬಣ್ಣ ಕಣ್ಣಿಗೆ ತಂಪಾಗಿತ್ತು ಎಂದು ಯು-ಹೆಂಗ್‌ಗೆ ಅನಿಸಿತು.

"ಇಷ್ಟು ಚೆನ್ನಾಗಿ ಬರೀತೀಯಲ್ಲ ಹುಡುಗಿ, ನೀನೇ ಒಂದು ಪಾತ್ರ ಮಾಡ್ಕೊಳ್ಳೋದು ಬಿಟ್ಟು ದುಡ್ಡು ಕೊಟ್ಟು ಯಾಕೆ ಕೊಂಡೆ?" ಎಂದು ಲಿ-ಚಿನ್ ಕೇಳಿದಳು.

"ನಿ-ಶಾನ್ ಅಕ್ಕನ ಕೈ ಅಂದ್ರೆ ಎಲ್ಲರಿಗೂ ಹುಚ್ಚಲ್ವಾ ಅತ್ತೆ? ಚಿತ್ರ ಹಾಕಿದ ಒಂದೇ ದಿನಕ್ಕೆ ಮೂರು ಸಾವಿರ ಜನ ಮೆಚ್ಚಿದ್ರು."

"ಖಾತೆ ಯಾಕೆ ಮುಚ್ಚಿದೆ?"

"ಅಷ್ಟು ದುಡ್ಡು ಸುರಿದಿದ್ದು ಅಮ್ಮಂಗೆ ಗೊತ್ತಾಗಬಾರದು ಅಂತ."

ಚುವಾಂಗ್ ಸಿಕ್ಕಿದ್ದು ಬಸ್ ನಿಲ್ದಾಣದಲ್ಲಿ. ಉಪ್ಪಿನ ಗದ್ದೆಗಳ ಆಚೆ ಕಡಲ ತಡಿಯವರೆಗೆ ಹೋಗುವ ಬಸ್ಸು ಅವನದು. ಇಪ್ಪತ್ತೆರಡು ವರ್ಷದಿಂದ ಅದೇ ದಾರಿ. ಹಿಂಬದಿ ನೋಡುವ ಕನ್ನಡಿಯ ಕೆಳಗೆ ಕೊಕ್ಕರೆ ಹುಡುಗಿಯ ಪುಟ್ಟ ಗೊಂಬೆ ನಿಂತಿತ್ತು.

"ಇದು ನನ್ನಂಗಡಿ ಕೆಲಸ!" ಎಂದ ಯು-ಹೆಂಗ್.

"ಜುಲೈನಲ್ಲಿ ಅಂತರಜಾಲದಲ್ಲೇ ಹೇಳಿ ಮಾಡಿಸಿದ್ದು," ಎಂದ ಚುವಾಂಗ್. "ಆಗಸ್ಟ್‌ನಲ್ಲಿ ನನ್ನ ಫೋನು ಮೀನಿನ ಹೊಂಡಕ್ಕೆ ಬಿತ್ತು. ಖಾತೆಯ ಗುಟ್ಟಿನ ಪದವೂ ಮರೆತು, ಹತ್ತಾರು ಸಲ ತಪ್ಪಾಗಿ ಒತ್ತಿ ಖಾತೆಯೇ ಅಳಿಸಿಹೋಯ್ತು. ದುಡ್ಡು ಕಟ್ಟಿದ ಚೀಟಿ ಇದೆ, ನೋಡಿ." ಅವನು ಜೋಪಾನವಾಗಿ ಬಿಡಿಸಿದ ಚೀಟಿ ಬಿಸಿಲಿಗೆ ಮಾಸಿ ಖಾಲಿ ಕಾಗದವಾಗಿತ್ತು. ಹಾಳೆ ಮಾತ್ರ ಬಸ್ಸಿನ ಕೀಲಿಯ ಜೊತೆ ನೇತಾಡುವ ಪೆನ್‌ಡ್ರೈವಿನಲ್ಲಿತ್ತು. ಒಂದು ಪ್ರತಿಯನ್ನು ಲಿ-ಚಿನ್ ಕೇಳಿ ಪಡೆದುಕೊಂಡಳು.

ಅವನು ಬರೆದ ಚಿತ್ರಗಳ ಪುಸ್ತಕ ನೋಡಿ ಯು-ಹೆಂಗ್ ನಗು ತಡೆದುಕೊಳ್ಳಲು ಕೆಮ್ಮಬೇಕಾಯಿತು. ಕೈ ಕಾಲು ಪೊರಕೆಕಡ್ಡಿ. ಅದು ಹೋಗಲಿ, ಚಿತ್ರವೇ ತಪ್ಪು! ಹುಡುಗಿಗೆ ಕನ್ನಡಕ ಬಂದಿದೆ. ತೆಳು ಬೂಟಿನ ಬದಲು ಮೀನುಗಾರರ ದಪ್ಪ ರಬ್ಬರ್ ಬೂಟು. ಮಳೆಯಂಗಿಗೆ ಇಲ್ಲದ ಜೇಬು, ಆ ಜೇಬಿನ ತುಂಬ ಕೊಳದಲ್ಲಿ ಬೆಳೆಯುವ ಸಿಂಗಾಡೆಕಾಯಿ, ಅದೂ ಬೇಯಿಸಿದ್ದು.

"ಹೆತ್ತವರಿಗೆ ಹೆಗ್ಗಣ ಮುದ್ದು," ಎಂದು ಅವನು ಪಿಸುಗುಟ್ಟಿದ.

ಲಿ-ಚಿನ್ ಅವನತ್ತ ತಿರುಗಿ, "ಜಾಣ! ಬಾಯಿತಪ್ಪಿ ಸರಿಯಾದ ಮಾತು ಹೇಳಿದೆ," ಎಂದಳು. ಅವನಿಗೆ ಏನೂ ತಿಳಿಯಲಿಲ್ಲ.

"ನೀವು ಯಾಕೆ ಕೊಂಡ್ಕೊಂಡ್ರಿ, ಚುವಾಂಗ್ ಅಣ್ಣ?"

ಚಾಲಕ ಕಿವಿಯವರೆಗೆ ಕೆಂಪಾದ. "ಒಂದು ಮುಖ ಬೇಕಿತ್ತು. ಅಷ್ಟೇ. ಜಾಸ್ತಿ ಹೇಳಿದ್ರೆ ನಗ್ತೀರಿ." ಬಸ್ ಹೊರಡುವ ಹೊತ್ತಾಗಿತ್ತು.

ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಎಲ್ಲರೂ ಅಂಗಡಿಯಲ್ಲಿ ಸೇರಿದರು. ಕುಂಗ್ ಮೇಡಂ ಗಡಿಯಾರ ನೋಡಿಕೊಳ್ಳುತ್ತ ಕೂತರು. ತ್ಸೈ-ವೇ ತನ್ನ ಹಾಳೆಯ ಪ್ರತಿಯನ್ನೂ ಚಿತ್ರಗಳ ಕಟ್ಟನ್ನೂ ತಂದಿದ್ದಳು. ಚುವಾಂಗ್ ಸಮವಸ್ತ್ರದಲ್ಲೇ ಬಂದು ಬಾಗಿಲ ಬಳಿ ನಿಂತ. ನಿ-ಶಾನ್ ಗೋಡೆಗೊರಗಿ ಕೈಕಟ್ಟಿಕೊಂಡಿದ್ದಳು.

"ಇದರಲ್ಲಿ ಪತ್ತೆ ಮಾಡೋದೇನಿದೆ?" ಎಂದರು ಕುಂಗ್ ಮೇಡಂ. "ಚಿತ್ರ ನೋಡಿದ್ರೆ ಯಾರಾದ್ರೂ ಹೇಳ್ತಾರೆ. ಈ ಹುಡುಗೀದು ಹಾಳೆಗೆ ಸರಿಯಾಗಿದೆ. ಆ ಯಜಮಾನರದ್ದು ಒಂದೂ ಹೊಂದಲ್ಲ. ನಿ-ಶಾನ್ ಎರಡು ಸಲ ಮಾರಿದಾಳಾ ಅನ್ನೋದಷ್ಟೇ ಪ್ರಶ್ನೆ."

"ನಾನೂ ಅಲ್ಲಿಂದಾನೇ ಶುರು ಮಾಡಿದೆ," ಎಂದಳು ಲಿ-ಚಿನ್. "ಮೂವತ್ತೊಂದು ವರ್ಷ ನನ್ನ ಕಿಟಕಿ ಮುಂದೆ ಅಪ್ಪ ಅಮ್ಮಂದಿರು ನಿಂತಿದಾರೆ. ನಿಜವಾದ ಅಪ್ಪನಿಗೆ ಮಗು ಎಷ್ಟು ಗಂಟೆಗೆ ಹುಟ್ತು ಅಂದ್ರೆ ತಲೆ ಕೆರ್ಕೋತಾನೆ. ತೂಕ ಕೇಳಿದ್ರೆ ಹೆಂಡತಿ ಮುಖ ನೋಡ್ತಾನೆ. ಆದ್ರೆ ಮಗೂನ ಮೂಗು ನಮ್ಮಜ್ಜಿ ಥರ ಅಂತ ಕೇಳದೇ ಇದ್ರೂ ಹೇಳ್ತಾನೆ. ಒಂದು ಸಲ ಒಬ್ಬಳು ಬಂದಿದ್ಲು. ಗಂಟೆ, ನಿಮಿಷ, ತೂಕ, ಉದ್ದ ಎಲ್ಲಾ ಗಿಣಿ ಥರ ಒಪ್ಪಿಸಿದ್ಲು. ಅದು ಅವಳ ಮಗು ಆಗಿರಲಿಲ್ಲ. ಕಾಗದ ಬಿಟ್ರೆ ಅವಳ ಹತ್ರ ಇನ್ನೇನೂ ಇರಲಿಲ್ಲ."

ಲಿ-ಚಿನ್ ತ್ಸೈ-ವೇಯ ಕಡೆ ತಿರುಗಿದಳು.

"ದತ್ತು ತಗೊಂಡ ಮಗು ಮನೇಲಿ ಬೆಳೆಯುತ್ತೆ, ಬದಲಾಗುತ್ತೆ. ಕೆಸರಲ್ಲಿ ನಡೆಯೋಳಿಗೆ ದಪ್ಪ ಬೂಟು ಬೇಕು. ಹಸಿವಾಗೋಳಿಗೆ ಜೇಬು ಬೇಕು. ತ್ಸೈ-ವೇ, ನಿನ್ನ ಗೋಡೆ ಮೇಲೆ ಮೂವತ್ತು ಚಿತ್ರ ಇದ್ವು. ಒಂದರಲ್ಲೂ ಅವಳ ಗುಂಡಿ ಕೂಡ ಕಿತ್ತುಹೋಗಿಲ್ಲ. ಹೇಳು, ಅವಳ ಹೆಸರೇನು?"

"ಚಳಿಗಾಲದ ಅತಿಥಿ."

"ಅದು ನಾನು ಹರಾಜಿಗೆ ಹಾಕಿದ್ದ ತಲೆಬರಹ," ಎಂದಳು ನಿ-ಶಾನ್ ಮೆಲ್ಲನೆ.

ತ್ಸೈ-ವೇ ಚಿತ್ರಗಳ ಕಟ್ಟನ್ನು ಮೊಣಕಾಲಿನ ಮೇಲೆ ಎಳೆದುಕೊಂಡಳು. "ಹೆಸರಿಡದೇ ಇರೋದು ಕಳ್ಳತನಾನಾ?"

"ಅಲ್ಲ," ಎಂದಳು ಲಿ-ಚಿನ್. "ಅದು ಬರೀ ಅನುಮಾನ. ಸಾಕ್ಷಿ ಬೇರೆ ಇದೆ. ಯು-ಹೆಂಗ್, ನಿ-ಶಾನ್ ಹಾಳೆ ತಗೋ. ಗಿರಾಕಿಗಳ ಕಡತಕ್ಕೆ ದಿನಾ ಏನು ಮಾಡ್ತೀಯೋ ಅದನ್ನೇ ಮಾಡು."

ಯು-ಹೆಂಗ್ ಬಣ್ಣ ಇಳಿಸಿದ. ಕಣ್ಣು ಕುಕ್ಕುತ್ತಿದ್ದ ಗುಲಾಬಿ ಎಲ್ಲರೆದುರು ತಣ್ಣಗಾಯಿತು. ಲಿ-ಚಿನ್ ಹೇಳಿದಂತೆ ತ್ಸೈ-ವೇಯ ಹಾಳೆಯನ್ನು ಅದರ ಪಕ್ಕಕ್ಕೆ ತಂದ. ಎರಡೂ ಒಂದೇ. ಚುವಾಂಗ್ ಕೊಟ್ಟ ಪ್ರತಿ ತೆರೆದ. ಅದರಲ್ಲಿ ಗುಲಾಬಿ ಮೂಲದಂತೆಯೇ ಕುಕ್ಕುತ್ತಿತ್ತು. ಯು-ಹೆಂಗ್ ಪರದೆಯ ಹತ್ತಿರಕ್ಕೆ ಬಗ್ಗಿದ. ತ್ಸೈ-ವೇಯ ಕೋಣೆಯಲ್ಲಿ ಆ ತಂಪು ಬಣ್ಣವನ್ನು ನೋಡಿ ಮೆಚ್ಚಿದ್ದು ಅವನೇ. ದಿನವಿಡೀ ನೋಡುವ ತನ್ನದೇ ಬಣ್ಣ, ಗುರುತೇ ಸಿಕ್ಕಿರಲಿಲ್ಲ.

"ಬೇರೆ ಅಂಗಡೀಲೂ ಬಣ್ಣ ಹೀಗೇ ಇಳಿಬಹುದಲ್ಲ?" ಎಂದರು ಕುಂಗ್ ಮೇಡಂ.

ತ್ಸೈ-ವೇ ಯು-ಹೆಂಗ್‌ನ ಮುಖವನ್ನೇ ನೋಡುತ್ತಿದ್ದಳು. ಹೌದು ಎಂದರೆ ಸಾಕಿತ್ತು. ಅವನು ಆ ಕಡೆ ನೋಡಲಿಲ್ಲ.

"ಇಲ್ಲ," ಎಂದ. "ನಂದು ಮುದಿ ಯಂತ್ರ. ಹಳದಿ ಸರಿಯಾಗಿ ಹಿಡಿಯಲ್ಲ ಅಂತ ಪ್ರತಿ ಕಡತಕ್ಕೂ ಅಳತೆ ಇಟ್ಟು ಒಂದಿಷ್ಟು ಹೆಚ್ಚಿಗೆ ಹಾಕ್ತೀನಿ. ಬೇರೆ ಯಾರೂ ಹಾಗೆ ಮಾಡಲ್ಲ. ಬಿಳಿ ಅಂಗಿ ಅಂಚಲ್ಲಿ ಹಳದಿ ಛಾಯೆ ಕಾಣ್ತಿದೆ, ನೋಡಿ. ಈ ಹಾಳೆ ನನ್ನ ಕೈ ದಾಟಿ ಬಂದಿದ್ದು."

"ಕಾಮಾಲೆ ಕಣ್ಣಿಗೆ ಕಂಡಿದ್ದೆಲ್ಲಾ ಹಳದಿ ಅಂತಾರೆ," ಎಂದಳು ಲಿ-ಚಿನ್. "ನಿಂಗೆ ಉಲ್ಟಾ ಆಯ್ತು ನೋಡು, ಇರೋ ಹಳದೀನೂ ಕಾಣಲಿಲ್ಲ. ಕುಂಗ್ ಮೇಡಂ, ನಿ-ಶಾನ್ ಇದನ್ನ ಎಲ್ಲೂ ಅಚ್ಚು ಹಾಕಿಸಿಲ್ಲ. ಇಲ್ಲಿಗೆ ಕಳಿಸಿದವರು ಚುವಾಂಗ್ ಅಣ್ಣ ಒಬ್ಬರೇ, ಜುಲೈನಲ್ಲಿ. ಆಗ ಇಲ್ಲಿ ಹಲಗೆ ಕತ್ತರಿಸ್ತಿದ್ದೋಳು ತ್ಸೈ-ವೇ. ಮೂಲ ಕಡತ ಯು-ಹೆಂಗ್ ಹತ್ರಾನೇ ಉಳಿಯುತ್ತೆ, ಅವಳಿಗೆ ಸಿಗೋದು ಬಣ್ಣ ಇಳಿಸಿದ್ದು ಮಾತ್ರ. ನಿ-ಶಾನ್ ಕೈಯಿಂದ ಕೊಂಡಿದ್ರೆ ಇವಳ ಹಾಳೆಗೆ ಈ ಬಣ್ಣ ಎಲ್ಲಿಂದ ಬರುತ್ತೆ?"

ತ್ಸೈ-ವೇಯ ಚಿತ್ರಗಳ ಕಟ್ಟು ಮೊಣಕಾಲಿನಿಂದ ಜಾರಿತು. ಅವಳು ಎತ್ತಿಕೊಳ್ಳಲಿಲ್ಲ.

"ಹರಾಜಲ್ಲಿ ನಾನೂ ಕೂಗಿದ್ದೆ," ಎಂದಳು. "ಕೊನೇ ಗಳಿಗೇಲಿ ಸೋತೆ. ಆಮೇಲೆ ಅದು ಇಲ್ಲೇ, ನನ್ನ ಮೇಜಿಗೇ ಬಂತು. ಅಕ್ಕ, ನಂಗೆ ಕೈ ಇದೆ. ಏನು ಬೇಕಾದ್ರೂ ಬರೀತೀನಿ. ಆದ್ರೆ ನಾನು ಹುಟ್ಟಿಸಿದ ಒಂದನ್ನೂ ಯಾರೂ ತಿರುಗಿ ನೋಡಲಿಲ್ಲ. ಇದನ್ನ ಬರೆದ್ಮೇಲೆ ಜನ ನನ್ನ ಹೆಸರು ಕೇಳಿದ್ರು. ನಿಮ್ಮನ್ನ ಬಯ್ಯೋಕೆ ಶುರು ಮಾಡಿದಾಗ ಸುಮ್ಮನಿದ್ದುಬಿಟ್ಟೆ."

"ಆ ಸುಮ್ಮನಿದ್ದಿದ್ದೇ ನಂಗೆ ಜಾಸ್ತಿ ನೋವು," ಎಂದಳು ನಿ-ಶಾನ್. "ಇವತ್ತೇ ಬರಿ. ನಿನ್ನ ಹೆಸರು ಹಾಕಿ, ನಡೆದಿದ್ದು ನಡೆದ ಹಾಗೆ."

ತ್ಸೈ-ವೇ ಅಲ್ಲೇ ಕೂತು, ಕಣ್ಣೊರೆಸಿಕೊಳ್ಳುತ್ತ, ಎಲ್ಲರಿಗೂ ಕಾಣುವಂತೆ ಬರೆದಳು. ಕುಂಗ್ ಮೇಡಂ ಎರಡು ಸಲ ಓದಿ, ನಿ-ಶಾನ್ ಕಡೆ ತಿರುಗಿ ತಲೆ ಬಾಗಿಸಿದರು. "ನಾಳೆ ನಿನ್ನ ಮೇಜು ನಿಂದೇ. ಕ್ಷಮಿಸು ಅಂತ ನಾನೂ ಬರೀತೀನಿ."

ಎಲ್ಲ ಮುಗಿಯಿತು ಎಂದುಕೊಂಡಾಗ ನಿ-ಶಾನ್ ಚಾಲಕನ ಎದುರು ಹೋಗಿ ನಿಂತಳು. "ನಲವತ್ತು ಪಾತ್ರ ಮಾರಿದೀನಿ. ಯಾಕೆ ಕೊಳ್ತಾರೆ ಅಂತ ಒಬ್ಬರನ್ನೂ ಕೇಳಿಲ್ಲ. ಕೇಳೋಕೆ ಹೆದರಿಕೆ. ನೀವು ಹೇಳಿ, ನಗಲ್ಲ."

ಚುವಾಂಗ್ ಟೋಪಿ ತೆಗೆದು ಕೈಯಲ್ಲಿ ಹಿಡಿದ. "ನನ್ನ ದಾರೀಲಿ ಕೊನೇ ನಿಲ್ದಾಣದಲ್ಲಿ ಯಾರೂ ಹತ್ತಲ್ಲಮ್ಮ. ಖಾಲಿ ಬಸ್ಸು ತಿರುಗಿಸ್ಕೊಂಡು ಬರ್ಬೇಕು. ಬೇಜಾರಿಗೆ, ಯಾರೋ ಒಬ್ಬಳು ಹತ್ತಿದಾಳೆ ಅಂದ್ಕೊಂಡೆ. ಅವಳು ಮಾತಾಡ್ತಾಳೆ, ನಾನು ಉತ್ತರ ಕೊಡ್ತೀನಿ. ಬಸ್ಸಲ್ಲಿ ತಿನ್ಬಾರದು ಅಂದ್ರೂ ಸಿಂಗಾಡೆಕಾಯಿ ಸಿಪ್ಪೆ ಸುಲೀತಾಳೆ. ಹದಿನೈದು ವರ್ಷ ಆಯ್ತು. ಅವಳ ದನಿ ಗೊತ್ತು, ಸಿಟ್ಟು ಗೊತ್ತು. ಮುಖ ಮಾತ್ರ ಇರಲಿಲ್ಲ. ಬರೆಯೋಕೆ ಕೂತ್ರೆ ನನ್ನ ಕೈಗೆ ಪೊರಕೆ ಬರುತ್ತೆ. ನಿಮ್ಮ ಚಿತ್ರ ನೋಡಿದ ದಿನ, ಓ, ಇವಳೇ ಕಣಪ್ಪಾ ಅಂದ್ಕೊಂಡೆ. ನಾನು ಕೊಂಡಿದ್ದು ಮುಖ ಮಾತ್ರ. ಅವಳು ಮೊದಲೇ ಇದ್ಲು."

ಇಷ್ಟು ದಿನ ಅಳದಿದ್ದ ನಿ-ಶಾನ್ ಆಗ ಅತ್ತಳು.

"ಮುಂದಿನ ಬಸ್ಸು ಎಷ್ಟಕ್ಕೆ?" ಎಂದು ಅವಳು ಕೇಳಿದಳು.

"ನಾಲ್ಕೂ ಇಪ್ಪತ್ತಕ್ಕೆ."

ಮೂವರೂ ಆ ಬಸ್ಸು ಹತ್ತಿದರು. ಮುಂದಿನ ಸಾಲಿನಲ್ಲಿ ನಿ-ಶಾನ್, ಹಿಂದೆ ಲಿ-ಚಿನ್ ಮತ್ತು ಯು-ಹೆಂಗ್. ಶಾಲೆಯ ಮಕ್ಕಳು ಇಳಿದರು, ಸಂತೆಯ ಹೆಂಗಸರು ಇಳಿದರು, ಉಪ್ಪಿನ ಗದ್ದೆಗಳು ಸರಿದವು. ಕೊನೆಯ ನಿಲ್ದಾಣದಲ್ಲಿ ಒಂದು ಕಂಬ, ಒಂದು ಬೆಂಚು, ಗಾಳಿ ಬಿಟ್ಟರೆ ನರಪಿಳ್ಳೆಯೂ ಇರಲಿಲ್ಲ. ಚುವಾಂಗ್ ಬಸ್ಸು ನಿಲ್ಲಿಸಿ ಬಾಗಿಲು ತೆರೆದ. ಒಬ್ಬರು ಮೆಟ್ಟಿಲು ಹತ್ತಿ ಬರುವಷ್ಟು ಹೊತ್ತು ಕಾದ.

ನಿ-ಶಾನ್ ಪಕ್ಕದ ಸೀಟಿನ ಮೇಲಿದ್ದ ತನ್ನ ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು, ಕಿಟಕಿಯ ಕಡೆಗೆ ಸರಿದು ಕೂತಳು.